ಮೆಜೆಸ್ಟಿಕ್ ಲಾಡ್ಜು: 800 ರೂಪಾಯಿಗೆ ಎಷ್ಟು ಗಂಟೆ?

ರೂಮಿನ ಬಾಡಿಗೆ 800 ರೂಪಾಯಿ. ಬೆಳಗಿನ ಜಾವ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವರು ಆ ರೂಮು ಹಿಡಿದರೆ, ಮಧ್ಯಾಹ್ನ 12ಕ್ಕೆ ಚೆಕ್‌ಔಟ್ ಇರುವ ಲಾಡ್ಜಿನಲ್ಲಿ ಅವರಿಗೆ ದಕ್ಕುವುದು ಆರೂವರೆ ಗಂಟೆ. ಗಂಟೆಗೆ 123 ರೂ. ಬಿದ್ದಂತಾಯಿತು. ಪಕ್ಕದ ಗಲ್ಲಿಯಲ್ಲಿ ‘24 ಗಂಟೆ ಚೆಕ್‌ಔಟ್’ ಎಂದು ಫಲಕ ಹಾಕಿಕೊಂಡ ಲಾಡ್ಜಿನಲ್ಲಿ ಅದೇ 800ಕ್ಕೆ ಮರುದಿನ ಐದೂವರೆಯವರೆಗೆ ಇರಬಹುದು. ಅಲ್ಲಿ ಗಂಟೆಗೆ 33 ರೂ. ಮಂಚದ ಅಳತೆ ಅದೇ, ಬಕೆಟ್ಟಿನ ಬಣ್ಣವೂ ಹೆಚ್ಚುಕಡಿಮೆ ಅದೇ. ಬೆಲೆಯಲ್ಲಿ ಮಾತ್ರ ಮೂರೂವರೆ ಪಟ್ಟಿಗಿಂತ ಹೆಚ್ಚಿನ ಅಂತರ.

ಈ 800 ಮೆಜೆಸ್ಟಿಕ್‌ನ ಸರಾಸರಿ ಬಾಡಿಗೆಯಲ್ಲ, ಲೆಕ್ಕಕ್ಕೆಂದು ಇಟ್ಟುಕೊಂಡ ಮಾದರಿ ದರ. ಫ್ಯಾನ್ ಇರುವ, ಎ.ಸಿ. ಇಲ್ಲದ, ಒಳಗೇ ಬಚ್ಚಲಿರುವ ಡಬಲ್ ರೂಮಿನದು. ಗಾಂಧಿನಗರ, ಕಾಟನ್‌ಪೇಟೆ, ಬಳೇಪೇಟೆ, ಉಪ್ಪಾರಪೇಟೆ, ಸುಬೇದಾರ್ ಛತ್ರದ ರಸ್ತೆಯ ಆಚೀಚೆ ಇದಕ್ಕಿಂತ ಅಗ್ಗದ್ದೂ ಉಂಟು, ದುಬಾರಿಯದೂ ಉಂಟು. ದೊಡ್ಡ ಪರೀಕ್ಷೆಯ ಹಿಂದಿನ ರಾತ್ರಿ ಅದೇ ರೂಮಿನ ದರವೇ ಬೇರೆ. ತೆರಿಗೆ, ಆಟೊ, ಮೆಟ್ರೊ, ಟ್ಯಾಂಕರ್ ನೀರು ಇವುಗಳ ದರ ಸರ್ಕಾರಿ ಆದೇಶಗಳಲ್ಲಿರುವಂಥದ್ದು. ನಾನೇ ಅಂದಾಜಿನಲ್ಲಿ ಇಟ್ಟ ಅಂಕಿಗಳ ಪಕ್ಕದಲ್ಲಿ ‘ಹಿಡಿದರೆ’ ಎಂದು ಬರೆದಿದ್ದೇನೆ. ಅಲ್ಲೆಲ್ಲ ಓದುಗರು ತಮ್ಮ ರಸೀದಿಯ ಅಂಕಿ ಹಾಕಿಕೊಂಡು ಮತ್ತೆ ಗುಣಿಸಿ ನೋಡಬಹುದು.

ದೂರದೂರಿನವರ ಗಡಿಯಾರ

ತುಮಕೂರು ಬೆಂಗಳೂರಿಗೆ 70 ಕಿ.ಮೀ., ಮೈಸೂರು ಸುಮಾರು 145. ಅಲ್ಲಿಯವರು ಬೆಳಿಗ್ಗೆ ಹೊರಟು, ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ಅವರಿಗೆ ಲಾಡ್ಜಿನ ಗೊಡವೆಯೇ ಇಲ್ಲ. ಬೆಳಗಾವಿ ಸುಮಾರು 500 ಕಿ.ಮೀ., ಕಲಬುರಗಿ ಸುಮಾರು 600, ಬೀದರ್ ಸುಮಾರು 700. ಅಲ್ಲಿಂದ ಹಗಲು ಪಯಣ ಮಾಡಿದರೆ ಒಂದು ದಿನದ ದುಡಿಮೆ ಹೋಯಿತು. ಹಾಗಾಗಿ ಸಂಜೆ ಬಸ್ಸು ಹತ್ತಿ, ಸೀಟಿನಲ್ಲೇ ಕೊರಳು ವಾಲಿಸಿ ನಿದ್ದೆ ಮಾಡಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಕಚೇರಿ ತೆರೆಯುವುದು ಹತ್ತಕ್ಕೆ, ಆಸ್ಪತ್ರೆಯ ಚೀಟಿ ಎಂಟಕ್ಕೆ. ನಡುವಿನ ಮೂರು–ನಾಲ್ಕು ಗಂಟೆಗೆ ಒಂದು ಬಚ್ಚಲು, ಒಂದು ಬಕೆಟ್ ಬಿಸಿನೀರು, ಸೀರೆಯನ್ನೋ ಅಂಗಿಯನ್ನೋ ಬದಲಿಸಲು ಒಂದು ಬಾಗಿಲು ಬೇಕು. ಅವರ ಅಗತ್ಯ ಇಷ್ಟೇ. ಕೊಡಬೇಕಾದ ಹಣ ಮಾತ್ರ ಇಡೀ ದಿನದ್ದು.

ಅದೇ ದಿನ ರಾತ್ರಿ ಒಂಬತ್ತೂವರೆಯ ಬಸ್ಸಿಗೆ ಹಿಂತಿರುಗುವವರನ್ನು ನೋಡಿ. ಐದೂವರೆಯಿಂದ ಒಂಬತ್ತೂವರೆಗೆ 16 ಗಂಟೆ. ಮಧ್ಯಾಹ್ನ ಚೆಕ್‌ಔಟ್ ಇರುವ ಕಡೆ ಸಾಮಾನು ಇಡಲು, ಸಂಜೆ ಮುಖ ತೊಳೆಯಲು ರೂಮು ಬೇಕೆಂದರೆ ಎರಡು ದಿನದ ಬಾಡಿಗೆ 1,600 ರೂ. ಮ್ಯಾನೇಜರು ಮನಸ್ಸು ಮಾಡಿದರೆ ಬ್ಯಾಗು ಕೌಂಟರಿನ ಹಿಂದೆ ಇಡಲು ಬಿಡುತ್ತಾರೆ, ಆದರೆ ಮನಸ್ಸನ್ನು ದರಪಟ್ಟಿಯಲ್ಲಿ ಬರೆಯಲಾಗದು. 24 ಗಂಟೆಯ ಕಡೆ 800ಕ್ಕೇ ಮುಗಿಯಿತು. ಹಾಗೆ ಹಿಡಿದ ರೂಮಿನಲ್ಲೂ ಅವರು ನಿಜವಾಗಿ ಕಳೆಯುವುದು ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡು ಎಂದು ಹಿಡಿದರೆ ಐದೇ ಗಂಟೆ. ಬಳಸಿದ ಗಂಟೆಗೆ 160 ರೂ. ಆಯಿತು. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಹೊರಡುವವರಿಗೆ ಎರಡೂ ಬಗೆಯ ಲಾಡ್ಜಿನಲ್ಲಿ ಒಂದೇ ದರ: ಒಂಬತ್ತು ಗಂಟೆಗೆ 800, ಅಂದರೆ ಗಂಟೆಗೆ 89. ಚೆಕ್‌ಔಟ್ ನಿಯಮದ ಬಿಸಿ ತಟ್ಟುವುದು ಬೆಳಗಿನ ಜಾವ ಇಳಿಯುವವರಿಗೆ, ಅಂದರೆ ದೂರದ ಜಿಲ್ಲೆಯವರಿಗೆ.

ಮೆಜೆಸ್ಟಿಕ್ ಇದಕ್ಕೆ ಕಂಡುಕೊಂಡ ದಾರಿಯ ಹೆಸರು ‘ಫ್ರೆಶ್‌ಅಪ್’. ಎರಡು–ಮೂರು ಗಂಟೆಗೆ ರೂಮು ಕೊಡುವುದು. ಮೂರು ಗಂಟೆಗೆ 300 ರೂ. ಎಂದು ಹಿಡಿದರೆ ಗಂಟೆಗೆ 100 ಬೀಳುತ್ತದೆ. 24 ಗಂಟೆಯ ದರದ ಮೂರು ಪಟ್ಟು. ಆದರೂ ಜೇಬಿನಿಂದ ಹೋಗುವ ಒಟ್ಟು ಹಣ ಅರ್ಧಕ್ಕಿಂತ ಕಡಿಮೆ. ಇಂಥ ಕಡೆ ಗಂಟೆಯ ದರ ನೋಡಿ ಹೌಹಾರುವುದಕ್ಕಿಂತ ಒಟ್ಟು ನೋಡುವುದು ಲೇಸು.

ಈಗ ಇದಕ್ಕೆ ಬಸ್ ಟಿಕೆಟ್ಟನ್ನು ಸೇರಿಸಿ. ಕಲಬುರಗಿಯಿಂದ ತಾಯಿ–ಮಗಳು ದಾಖಲೆ ಪರಿಶೀಲನೆಗೆ ಬರುತ್ತಾರೆ ಎಂದುಕೊಳ್ಳೋಣ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಇಬ್ಬರಿಗೂ ಟಿಕೆಟ್ ಸೊನ್ನೆ. ಊರೊಳಗಿನ ಬಿಎಂಟಿಸಿ ಸಾಮಾನ್ಯ ಬಸ್ಸೂ ಸೊನ್ನೆ. ಊಟ–ತಿಂಡಿಗೆ ಇಬ್ಬರಿಗೂ ಸೇರಿ 400 ಎಂದು ಹಿಡಿದರೆ, ತೆರಿಗೆ ಸೇರಿಸಿ ಲಾಡ್ಜಿನ ಬಿಲ್ಲು ಹೀಗೆ ಬರುತ್ತದೆ:

ಮಧ್ಯಾಹ್ನ ಚೆಕ್‌ಔಟ್, ಎರಡು ಬಾಡಿಗೆ: 1,680 ರೂ. ಒಟ್ಟು ಖರ್ಚು 2,080. ಅದರಲ್ಲಿ ಲಾಡ್ಜಿನ ಪಾಲು ಶೇ 81.
24 ಗಂಟೆ ಚೆಕ್‌ಔಟ್: 840 ರೂ. ಒಟ್ಟು 1,240. ಲಾಡ್ಜಿನ ಪಾಲು ಶೇ 68.
ಬೆಳಿಗ್ಗೆ ಫ್ರೆಶ್‌ಅಪ್ ಮಾತ್ರ: 315 ರೂ. ಒಟ್ಟು 715. ಲಾಡ್ಜಿನ ಪಾಲು ಶೇ 44.

ಮೊದಲೆಲ್ಲ ಬೆಂಗಳೂರಿಗೆ ಹೋಗಿಬರುವ ಖರ್ಚೆಂದರೆ ಬಸ್ ಚಾರ್ಜು, ಲಾಡ್ಜು ಅದರ ಬಾಲ. ಹೆಣ್ಣುಮಕ್ಕಳ ಮಟ್ಟಿಗೆ ಈ ಲೆಕ್ಕ ಈಗ ತಲೆಕೆಳಗಾಗಿದೆ. 600 ಕಿ.ಮೀ. ದಾರಿ ಪುಕ್ಕಟೆ, ಬಸ್ ನಿಲ್ದಾಣದಿಂದ ನಾನೂರು ಹೆಜ್ಜೆ ದೂರದ ಬಚ್ಚಲು 315ರಿಂದ 1,680. ರಾಜಧಾನಿಯ ಬಸ್ ನಿಲ್ದಾಣದ ಬಳಿ ಹೆಂಗಸರಿಗೆ ಕಡಿಮೆ ದರದ, ಬೀಗ ಭದ್ರವಿರುವ ಸ್ನಾನದ ಕೋಣೆಗಳ ಒಂದು ಸಾಲು ಕಟ್ಟಿಸಿದರೆ ಶಕ್ತಿ ಯೋಜನೆಯ ಉಳಿದರ್ಧ ಪೂರ್ತಿಯಾದಂತೆ ಎಂಬುದು ನನ್ನ ಅಭಿಪ್ರಾಯ.

ಈ ಜಾಗಕ್ಕೆ ಅದು ಹೊಸ ವಿಚಾರವೂ ಅಲ್ಲ. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರಿಗೆ ಜಾಗ ಕೊಂಡು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಬಾಗಿಲು ತೆರೆದದ್ದು ದೂರದಿಂದ ಬಂದಿಳಿಯುವವರಿಗೇ. ಆಗ ಎದುರಿಗೆ ಧರ್ಮಾಂಬುಧಿ ಕೆರೆ ಇತ್ತು. ಇಂದು ಬಸ್ಸುಗಳು ನಿಲ್ಲುವುದು ಆ ಕೆರೆಯ ಅಂಗಳದಲ್ಲಿ.

ತೆರಿಗೆಯ ಏರಿಳಿತ

ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗ ದಿನಕ್ಕೆ 1,000 ರೂ. ಒಳಗಿನ ರೂಮಿಗೆ ತೆರಿಗೆ ಇರಲಿಲ್ಲ. ಬಡವರ ಲಾಡ್ಜು ಎಂಬ ಒಂದು ಗೆರೆ ಆಗ ಕಾನೂನಿನಲ್ಲೇ ಇತ್ತು. 2022ರ ಜುಲೈ 18ರಂದು ಆ ಗೆರೆ ಅಳಿಸಿತು. 800ರ ರೂಮಿಗೂ ಶೇ 12 ಬಿತ್ತು, ಬಿಲ್ಲು 896 ಆಯಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ರೂಮುಗಳಿಗೆಲ್ಲ ಶೇ 5. ಈಗ ಬಿಲ್ಲು 840.

ದರ ಇಳಿಯಿತು ಎಂದು ಎಲ್ಲರೂ ಹಿಗ್ಗಿದ್ದು ಹೌದು. ಆದರೆ ಯಾರಿಗೆ ಎಷ್ಟು ಇಳಿಯಿತು ಎಂದು ಬಿಡಿಸಿ ನೋಡಬೇಕು. 2022ರ ಜುಲೈಗೆ ಮುಂಚಿನ ಬಿಲ್ಲಿಗೆ ಇಂದಿನದನ್ನು ಹೋಲಿಸಿದರೆ, 7,500 ರೂ. ರೂಮಿನಲ್ಲಿ ತಂಗುವವರಿಗೆ ತೆರಿಗೆ 900ರಿಂದ 375ಕ್ಕೆ ಇಳಿದು ರಾತ್ರಿಗೆ 525 ಉಳಿಯಿತು. 1,200ರ ರೂಮಿನವರಿಗೆ 144 ಇದ್ದದ್ದು 60 ಆಗಿ 84 ಉಳಿಯಿತು. 800ರ ರೂಮಿನವರಿಗೆ ಸೊನ್ನೆ ಇದ್ದದ್ದು 40 ಆಯಿತು. ಮೂರೂ ದರ್ಜೆಯಲ್ಲಿ ತೆರಿಗೆ ಹೆಚ್ಚು ತೆರುವಂತಾದದ್ದು ಎಲ್ಲಕ್ಕಿಂತ ಕೆಳಗಿನವರು. ಶೇಕಡಾವಾರು ನೋಡಿದರೆ ಎಲ್ಲರಿಗೂ ಸಮಾನವಾಗಿ ಐದೈದು, ನ್ಯಾಯವೇ ಎನಿಸುತ್ತದೆ. ಎಲ್ಲಿಂದ ಹೊರಟು ಐದಕ್ಕೆ ಬಂದರು ಎಂದು ಕೇಳಿದಾಗಲೇ ವ್ಯತ್ಯಾಸ ಕಾಣುವುದು.

ಇದೇ ತೆರಿಗೆಯ ವಿನಾಯಿತಿಗಳು ಇನ್ನೂ ಸ್ವಾರಸ್ಯವಾಗಿವೆ. 2024ರ ಜುಲೈ 15ರಿಂದ ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಗೆ ಜಿಎಸ್‌ಟಿ ಇಲ್ಲ. ಆದರೆ ಅದನ್ನು ಕಾಯ್ದಿರಿಸಲು ರೈಲು ಟಿಕೆಟ್ಟಿನ ಪಿಎನ್‌ಆರ್ ಬೇಕು, ಇರಬಹುದಾದದ್ದು ಹೆಚ್ಚೆಂದರೆ 48 ಗಂಟೆ. ರಸ್ತೆಯ ಈಚೆಗೆ ಬಸ್ಸಿನಲ್ಲಿ ಬಂದಿಳಿದವರಿಗೆ ಆ ಬಾಗಿಲು ತೆರೆಯದು. ರೈಲಿನವರಿಗೆ ಶೇ 0, ಬಸ್ಸಿನವರಿಗೆ ಶೇ 5. ನಡುವೆ ಇರುವುದು ಒಂದು ಪಾದಚಾರಿ ಸುರಂಗ. ಧಾರ್ಮಿಕ ದತ್ತಿ ಸಂಸ್ಥೆಗಳು ತಮ್ಮ ಆವರಣದಲ್ಲಿ ದಿನಕ್ಕೆ 1,000 ರೂ.ಗಿಂತ ಕಡಿಮೆ ಬಾಡಿಗೆಗೆ ಕೊಡುವ ಕೋಣೆಗಳಿಗೂ ತೆರಿಗೆ ಇಲ್ಲ.

ಇನ್ನು ಪಿ.ಜಿ.ಗಳ ಕಥೆ. ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಪಿ.ಜಿ. ಮತ್ತು ಹಾಸ್ಟೆಲ್‌ಗಳನ್ನು ಮನೆ ಎಂದು ಪರಿಗಣಿಸಲಾಗದು, ಶೇ 12 ತೆರಿಗೆ ಕಟ್ಟಬೇಕು ಎಂದಿತ್ತು. ಬೆಂಗಳೂರಿನ ಪಿ.ಜಿ.ಗಳಲ್ಲಿ ಗುಲ್ಲೆದ್ದಿತು. ಒಂದೇ ವರ್ಷದಲ್ಲಿ ಜಿಎಸ್‌ಟಿ ಮಂಡಳಿ ತಿಂಗಳಿಗೆ ತಲೆಗೆ 20,000 ರೂ.ವರೆಗಿನ ವಾಸಕ್ಕೆ ವಿನಾಯಿತಿ ಕೊಟ್ಟಿತು. ಷರತ್ತು ಒಂದೇ: ಸತತ 90 ದಿನವಾದರೂ ಇರಬೇಕು. ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು ಸಲೀಸಾಗಿ ಇದರೊಳಗೆ ಬರುತ್ತಾರೆ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಗೆಂದು ಬರುವವರು ಬರುವುದಿಲ್ಲ. ಆ ಚಿಕಿತ್ಸೆ ಸಾಮಾನ್ಯವಾಗಿ ಐದರಿಂದ ಏಳು ವಾರ, ಅಂದರೆ 35ರಿಂದ 49 ದಿನ. ರೋಗಿಯನ್ನು ಕರೆತಂದವರು ಆರು ವಾರ 800ರ ರೂಮಿನಲ್ಲಿ ಇದ್ದರೆ ಬಾಡಿಗೆ 33,600, ತೆರಿಗೆ 1,680. ಅಷ್ಟು ದಿನ ಇರುವವರಿಗೆ ಲಾಡ್ಜಿನವರು ದರ ಇಳಿಸುತ್ತಾರೆ ನಿಜ. ಕೆಲವು ದೊಡ್ಡ ಆಸ್ಪತ್ರೆಗಳ ಆವರಣದ ಧರ್ಮಶಾಲೆಗಳೂ ಇವೆ, ಅಲ್ಲಿ ಜಾಗ ಸಿಗುವುದು ಪುಣ್ಯ. ಆದರೆ 90 ದಿನ ಎಂಬ ಗೆರೆ ಎಳೆದವರ ಕಣ್ಣ ಮುಂದೆ ಇದ್ದದ್ದು ವಿದ್ಯಾರ್ಥಿ ಮತ್ತು ನೌಕರ, ರೋಗಿಯಲ್ಲ ಎಂದೇ ಅನಿಸುತ್ತದೆ.

ಹನ್ನೊಂದು ರೂಮು, ಹನ್ನೆರಡು ರೂಮು

ಎಲ್ಲ ಲಾಡ್ಜೂ ತೆರಿಗೆ ಹಾಕಬೇಕಿಲ್ಲ. ಸೇವಾ ವ್ಯವಹಾರ ವರ್ಷಕ್ಕೆ 20 ಲಕ್ಷ ಮೀರದಿದ್ದರೆ ಜಿಎಸ್‌ಟಿ ನೋಂದಣಿಯೇ ಬೇಡ. 800 ರೂ. ದರ, ನೂರರಲ್ಲಿ 60 ರಾತ್ರಿ ರೂಮು ಭರ್ತಿ ಎಂದು ಹಿಡಿದರೆ, 11 ರೂಮಿನ ಲಾಡ್ಜಿನ ವರ್ಷದ ಬಾಡಿಗೆ 19,27,200 ರೂ. ಇನ್ನೊಂದು ರೂಮು ಸೇರಿಸಿದರೆ 21,02,400. ಹನ್ನೆರಡನೆಯ ರೂಮು ಕಟ್ಟಿಸಿದವನು ಎಲ್ಲ ಹನ್ನೆರಡಕ್ಕೂ ತೆರಿಗೆ ವಸೂಲು ಮಾಡಬೇಕು. ಒಂದೇ ಮಾಲೀಕನ ಮೂರು ಮಹಡಿಯ ಕಟ್ಟಡದಲ್ಲಿ ಮಹಡಿಗೊಂದು ಹೆಸರಿನ ಲಾಡ್ಜು ಕಂಡರೆ ಈ ಲೆಕ್ಕ ನೆನಪಿಸಿಕೊಳ್ಳಿ. ಆದರೆ ಕಾನೂನಿನ ಪ್ರಕಾರ ಒಂದೇ ಪ್ಯಾನ್ ಸಂಖ್ಯೆಯ ವ್ಯವಹಾರವೆಲ್ಲ ಕೂಡಿಸಿಯೇ 20 ಲಕ್ಷದ ಎಣಿಕೆ.

ಆ ಹನ್ನೊಂದು ರೂಮಿನ ಲಾಡ್ಜನ್ನೇ ಮೊಬೈಲ್ ಆ್ಯಪ್ ಮೂಲಕ ಕಾಯ್ದಿರಿಸಿದರೆ ತೆರಿಗೆ ಬೀಳುತ್ತದೆ. ನೋಂದಣಿ ಇಲ್ಲದ ಲಾಡ್ಜಿನ ರೂಮನ್ನು ಆ್ಯಪ್ ಮಾರಿದರೆ ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪ್ ಕಂಪನಿಯದು ಎಂದು ಕಾಯ್ದೆ ಹೇಳುತ್ತದೆ, ಅದು ಗಿರಾಕಿಯಿಂದ ವಸೂಲು ಮಾಡುತ್ತದೆ. ಕೌಂಟರಿನಲ್ಲಿ 800, ಆ್ಯಪ್‌ನಲ್ಲಿ 840. ಮೇಲೆ ‘ಅನುಕೂಲ ಶುಲ್ಕ’ ಬೇರೆ.

ಆ್ಯಪ್‌ಗಳು ಲಾಡ್ಜಿನವರಿಂದ ತೆಗೆದುಕೊಳ್ಳುವ ಕಮಿಷನ್ ಸಾಮಾನ್ಯವಾಗಿ ಶೇ 15ರಿಂದ 25. ಶೇ 20 ಎಂದು ಹಿಡಿದರೆ 800ಕ್ಕೆ 160 ರೂ., ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ 28 ರೂ. 80 ಪೈಸೆ. ಮಾಲೀಕನ ಕೈಗೆ ಬರುವುದು 611 ರೂ. ಹಿಂದಿನ ಶೇ 12ರ ಪದ್ಧತಿಯಲ್ಲಿ ನೋಂದಾಯಿತ ಲಾಡ್ಜು ಈ 28.80ನ್ನು ತನ್ನ ತೆರಿಗೆಯಲ್ಲಿ ಮುರಿದುಕೊಳ್ಳಬಹುದಿತ್ತು. ಈಗಿನ ಶೇ 5ರಲ್ಲಿ ಆ ಸೌಲಭ್ಯ ಇಲ್ಲ. ಸಾಬೂನು, ಬೆಡ್‌ಶೀಟ್, ಕಟ್ಟಡದ ಬಾಡಿಗೆ ಎಲ್ಲದರ ಮೇಲಿನ ಜಿಎಸ್‌ಟಿಯೂ ಮಾಲೀಕನ ತಲೆಗೇ. ಹಾಗಾಗಿ ತೆರಿಗೆ ಏಳು ಅಂಶ ಇಳಿದರೂ ಫಲಕದ ಮೂಲ ದರ ಸದ್ದಿಲ್ಲದೆ ಐವತ್ತು ರೂಪಾಯಿ ಏರಿದರೆ ಅದರ ಕಾರಣ ಇಲ್ಲಿದೆ.

ಕೌಂಟರಿನ ಚೌಕಾಸಿ ನಡೆಯುವುದು ಈ 611 ಮತ್ತು 800ರ ನಡುವಿನ ಜಾಗದಲ್ಲಿ. “ಆನ್‌ಲೈನಲ್ಲಿ ಎಷ್ಟು ತೋರಿಸ್ತಿದೆ ಸಾರ್? ನೋಡಿ, ಅದಕ್ಕಿಂತ ಕಡಿಮೆ ಮಾಡ್ತೀನಿ” ಎಂದು ಮ್ಯಾನೇಜರೇ ಕೇಳುವುದುಂಟು. 700ಕ್ಕೆ ಮಾತು ಕುದುರಿದರೆ ಗಿರಾಕಿಗೆ 100 ಉಳಿತಾಯ, ಮಾಲೀಕನಿಗೆ ಆ್ಯಪ್‌ಗಿಂತ 89 ಹೆಚ್ಚು. ಇಬ್ಬರಿಗೂ ಲಾಭವಾಗುವ ಚೌಕಾಸಿ ಬೆಂಗಳೂರಿನಲ್ಲಿ ಇನ್ನೆಲ್ಲಿದೆಯೋ ಕಾಣೆ. ಇದಕ್ಕಿರುವ ಷರತ್ತು ಒಂದೇ, ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತಾಗ ರೂಮು ಖಾಲಿ ಇರಬೇಕು.

ಮಾಲೀಕನಿಗೆ ಎಷ್ಟು ಗಿಟ್ಟುತ್ತದೆ

ರೂಮಿನೊಳಗೆ ಇಬ್ಬರು ಒಂದು ರಾತ್ರಿ ಇದ್ದರೆ ಏನೇನು ಖರ್ಚಾಗುತ್ತದೆ? ನೀರಿನಿಂದ ಶುರುಮಾಡೋಣ. ಹೋಟೆಲಿನ ನೀರಿನ ಅಗತ್ಯಕ್ಕೆ ಭಾರತೀಯ ಮಾನಕ ಸಂಸ್ಥೆಯ ಲೆಕ್ಕ ಹಾಸಿಗೆಗೆ ದಿನಕ್ಕೆ 180 ಲೀಟರ್. ಇಬ್ಬರಿಗೆ 360. 2024ರ ಮಾರ್ಚ್‌ನ ನೀರಿನ ಹಾಹಾಕಾರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು. ಐದು ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ., 8,000ಕ್ಕೆ 700, 12,000ಕ್ಕೆ 1,000. ಆ ದರದಲ್ಲಿ ಸಣ್ಣ ಟ್ಯಾಂಕರಿನ ನೀರು ಲೀಟರಿಗೆ 10 ಪೈಸೆ. ಎಲ್ಲ ನೀರೂ ಟ್ಯಾಂಕರಿನದೇ ಆದರೂ ಒಂದು ರೂಮಿಗೆ 36 ರೂ. ಮಾತ್ರ. 20 ರೂಮು ಭರ್ತಿಯಾದ ದಿನ 40 ಜನಕ್ಕೆ 7,200 ಲೀಟರ್, ಅಂದರೆ ಒಂದು ಸಣ್ಣ ಟ್ಯಾಂಕರ್ ಸಾಲದು, ಎರಡನೆಯದು ಬರಲೇಬೇಕು. ಮಾಲೀಕನಿಗೆ ತಲೆನೋವು ಹಣಕ್ಕಿಂತ ಟ್ಯಾಂಕರ್ ಯಾವಾಗ ಬರುತ್ತದೆ ಎನ್ನುವುದು. ಅಗ್ಗದ ಲಾಡ್ಜಿನಲ್ಲಿ ಶವರಿನ ಬದಲು ಬಕೆಟ್–ಚೊಂಬು ಇರುವುದನ್ನು ಕೊರತೆ ಎಂದುಕೊಳ್ಳುತ್ತೇವೆ. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರಿನಡಿ ಎಂಟು ನಿಮಿಷ ನಿಂತರೆ 64 ಲೀಟರ್ ಹೋಯಿತು. ಬಕೆಟ್ ಸ್ನಾನ ಎರಡು ಬಕೆಟ್ಟಿನಲ್ಲಿ, 40 ಲೀಟರಿನೊಳಗೆ ಮುಗಿಯುತ್ತದೆ.

ಬಿಸಿನೀರು ‘6ರಿಂದ 9’ ಎಂಬ ಚೀಟಿ ಪ್ರತಿ ಬಾಗಿಲ ಹಿಂದೆ. 20 ಲೀಟರ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಬೇಕಾದ ವಿದ್ಯುತ್ 0.47 ಯೂನಿಟ್. ಯೂನಿಟ್ಟಿಗೆ 8 ರೂ. ಎಂದು ಹಿಡಿದರೆ 3 ರೂ. 70 ಪೈಸೆ. ಸೋರಿಕೆ ಸೇರಿಸಿ ಇಬ್ಬರಿಗೆ 9 ರೂ. ಎನ್ನಿ. ಇಷ್ಟು ಅಗ್ಗವಿದ್ದರೂ ದಿನವಿಡೀ ಯಾಕೆ ಕೊಡುವುದಿಲ್ಲ? ವಿದ್ಯುತ್ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟಿನ ಜೊತೆ, ಮಂಜೂರಾದ ಪ್ರತಿ ಕಿಲೊವಾಟ್ ಲೋಡಿಗೂ ತಿಂಗಳ ಶುಲ್ಕ ಇರುತ್ತದೆ. 20 ರೂಮಿನ 2 ಕಿಲೊವಾಟ್ ಗೀಸರುಗಳು ಒಟ್ಟಿಗೆ ಉರಿದರೆ 40 ಕಿಲೊವಾಟ್. ಅಷ್ಟು ಲೋಡು ಮಂಜೂರು ಮಾಡಿಸಿಕೊಂಡರೆ ಯಾರೂ ಸ್ನಾನ ಮಾಡದ ತಿಂಗಳಲ್ಲೂ ಶುಲ್ಕ ಕಟ್ಟಬೇಕು. ಅದಕ್ಕೇ ಚಾವಣಿಯ ಮೇಲೆ ಸೋಲಾರ್ ಅಥವಾ ಒಂದೇ ದೊಡ್ಡ ಬಾಯ್ಲರ್, ಒಂದೇ ಹೊತ್ತು. ಐದೂವರೆಗೆ ಇಳಿದವರು ಆರರ ತನಕ ಕಾಯುವುದು ಇದರಿಂದಲೇ. ಮೋಡ ಕವಿದ ಜುಲೈ ತಿಂಗಳಲ್ಲಿ ಸೋಲಾರ್ ನೀರು ಏಳಕ್ಕೇ ತಣ್ಣಗಾದರೆ ರೂಮ್ ಬಾಯ್‌ನನ್ನು ಬೈದು ಫಲವಿಲ್ಲ.

ಹಳೆಯ ಫ್ಯಾನು 75 ವಾಟ್. ಹತ್ತು ಗಂಟೆಗೆ ಮುಕ್ಕಾಲು ಯೂನಿಟ್, 6 ರೂ. ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟ್, 2 ರೂ. 40 ಪೈಸೆ. ವರ್ಷಕ್ಕೆ 219 ರಾತ್ರಿ ರೂಮು ಭರ್ತಿಯಾದರೆ ಒಂದು ಫ್ಯಾನಿನಿಂದ 788 ರೂ. ಉಳಿತಾಯ. ಎ.ಸಿ.ಯ ಲೆಕ್ಕ ಬೇರೆಯೇ. ಗಂಟೆಗೆ 0.8 ಯೂನಿಟ್ ಎಂದು ಹಿಡಿದರೂ ಎಂಟು ಗಂಟೆಗೆ 51 ರೂ. ವಿದ್ಯುತ್, ಆದರೆ ಫಲಕದಲ್ಲಿ ಎ.ಸಿ. ರೂಮಿಗೆ ಮೂರು–ನಾಲ್ಕು ನೂರು ಹೆಚ್ಚು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರು ಇದು, ನಿಜ. ಆದರೆ ಜೂನ್‌ನಿಂದ ಫೆಬ್ರವರಿಯವರೆಗೆ ಬೆಂಗಳೂರಿನ ರಾತ್ರಿಗೆ ಎ.ಸಿ. ಕೊಳ್ಳುವವರು ತಂಪಿಗಿಂತ ಹೆಚ್ಚಾಗಿ ಮುಚ್ಚಿದ ಕಿಟಕಿಯನ್ನು, ಹಾರ್ನ್ ಕೇಳಿಸದ ನಿದ್ದೆಯನ್ನು ಕೊಳ್ಳುತ್ತಾರೆ. ಅದಕ್ಕೆ ನಾನೂರು ಕೊಡಬಹುದೋ ಎಂಬುದು ಅವರವರ ಕಿವಿಗೆ ಬಿಟ್ಟದ್ದು. ಹಿಂಬದಿಯ ರೂಮು ಕೇಳಿ ನೋಡಿ, ಅದಕ್ಕೆ ದುಡ್ಡಿಲ್ಲ.

ಹಾಸಿಗೆ ಬಟ್ಟೆ ಮೂರು ಜೊತೆ ಬೇಕು: ಮಂಚದ ಮೇಲೊಂದು, ಒಗೆಯಲು ಹೋದದ್ದೊಂದು, ಕಪಾಟಿನಲ್ಲೊಂದು. ಎರಡೇ ಜೊತೆ ಇಟ್ಟ ಕಡೆ ಮಳೆಗಾಲದಲ್ಲಿ ಹಸಿ ವಾಸನೆಯ ಹೊದಿಕೆ ಸಿಗುತ್ತದೆ. ಒಂದು ಜೊತೆ ಒಗೆಸಲು 50 ರೂ., ಸಾಬೂನು ಇತ್ಯಾದಿಗೆ 9 ಎಂದು ಹಿಡಿದರೆ, ನೀರು 36, ಬಿಸಿನೀರು 9, ಫ್ಯಾನು 6 ಸೇರಿ ಒಟ್ಟು 110 ರೂ. ನಾವು ಕೊಟ್ಟ 800ರಲ್ಲಿ ನಾವು ಬಳಸಿದ್ದರ ಬೆಲೆ ಇಷ್ಟೇ.

ಉಳಿದ 690 ಎಲ್ಲಿ ಹೋಗುತ್ತದೆ? ಅದರಲ್ಲಿ ಒಂದು ಪಾಲು ನಾವು ಮಲಗದ ರಾತ್ರಿಗಳಿಗೆ. ಕಟ್ಟಡದ ಲೀಸು, ಸಂಬಳ, ಬಡ್ಡಿ, ಪರವಾನಗಿ ಸೇರಿ ರೂಮಿಗೆ ದಿನಕ್ಕೆ 350 ರೂ. ಎಂದು ಹಿಡಿದರೆ, ಅದು ರೂಮು ಖಾಲಿ ಇದ್ದ ದಿನವೂ ಖರ್ಚೇ. ನೂರರಲ್ಲಿ 60 ರಾತ್ರಿ ಮಾತ್ರ ಮಾರಾಟವಾದರೆ, ಮಾರಾಟವಾದ ಪ್ರತಿ ರಾತ್ರಿಯೂ 583 ರೂ. ಹೊರಬೇಕು. 583ಕ್ಕೆ 110 ಕೂಡಿಸಿದರೆ 693. ಮಾಲೀಕನಿಗೆ ಉಳಿಯುವುದು 107. ಅದೇ ರೂಮು ಆ್ಯಪ್ ಮೂಲಕ ಹೋದರೆ 189 ಕಳೆದು 82 ರೂ. ನಷ್ಟ. ಹಾಗಿದ್ದರೂ ಆ್ಯಪ್‌ಗೆ ಕೊಡುತ್ತಾರೆ, ಏಕೆಂದರೆ ಖಾಲಿ ಬಿಟ್ಟರೆ ನಷ್ಟ 350.

ಹೊರಗೆ ಕಾಲಿಟ್ಟರೆ

ಆಟೊ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18, ರಾತ್ರಿ ಹತ್ತರಿಂದ ಐದರವರೆಗೆ ಒಂದೂವರೆ ಪಟ್ಟು. ಮೆಜೆಸ್ಟಿಕ್‌ನಿಂದ ಏಳು ಕಿ.ಮೀ. ದೂರದ ಆಸ್ಪತ್ರೆಗೆ 126, ಹೋಗಿಬರಲು 252. (‘ಮೀಟರ್ ಹಾಕಿದರೆ’ ಎಂಬುದನ್ನು ಬೆಂಗಳೂರಿನವರು ತಾವೇ ಸೇರಿಸಿ ಓದಿಕೊಳ್ಳುತ್ತಾರೆ.) ಆಸ್ಪತ್ರೆಯ ಬಾಗಿಲಲ್ಲೇ 1,000ಕ್ಕೆ ರೂಮು ಸಿಕ್ಕರೆ ತೆರಿಗೆ ಸೇರಿ 1,050. ಮೆಜೆಸ್ಟಿಕ್‌ನ 840ಕ್ಕೆ ಆಟೊ ಸೇರಿಸಿದರೆ 1,092. ಇನ್ನೂರು ರೂಪಾಯಿ ಅಗ್ಗದ ರೂಮು 42 ರೂ. ದುಬಾರಿಯಾಯಿತು. ಮೆಟ್ರೊ ಹಿಡಿದರೆ ಲೆಕ್ಕ ಮತ್ತೆ ತಿರುಗುತ್ತದೆ. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದ ದರದಲ್ಲಿ 6ರಿಂದ 8 ಕಿ.ಮೀ.ಗೆ 40 ರೂ., ಹೋಗಿಬರಲು 80. ಹಸಿರು, ನೇರಳೆ ಎರಡೂ ಮಾರ್ಗ ಸೇರುವುದು ಇಲ್ಲೇ. ಆದ್ದರಿಂದ ಮೆಟ್ರೊ ನಿಲ್ದಾಣದ ಪಕ್ಕದಲ್ಲಿ ಕೆಲಸ ಇರುವವರಿಗೆ ಮೆಜೆಸ್ಟಿಕ್, ಇಲ್ಲದವರಿಗೆ ಕೆಲಸ ಇರುವ ಕಡೆಯೇ ರೂಮು.

ತಲೆಗೆ ಎಷ್ಟು ಬೀಳುತ್ತದೆ ಎಂಬುದು ಜೊತೆಗಾರರ ಮೇಲೆ ನಿಂತಿದೆ. ಒಬ್ಬರೇ ಬಂದರೆ 840, ಇಬ್ಬರಾದರೆ 420, ಮೂರನೆಯವರಿಗೆ ನೆಲದ ಮೇಲೊಂದು ಎಕ್ಸ್‌ಟ್ರಾ ಬೆಡ್ಡಿಗೆ 200 ಎಂದು ಹಿಡಿದರೆ ತಲೆಗೆ 350. ಡಾರ್ಮಿಟರಿಯ ಮಂಚಕ್ಕೆ 300 ಆದರೆ ಒಂಟಿ ಗಂಡಸಿಗೆ ಅದೇ ಸರಿ. ಒಂಟಿ ಹೆಂಗಸಿಗೆ ಆ ಆಯ್ಕೆ ಬಹಳ ಕಡೆ ಇಲ್ಲ, ಆಕೆ 840 ಕೊಡಲೇಬೇಕು. ಕೆಲವು ಕಡೆ ಒಬ್ಬಳೇ ಬಂದವಳಿಗೆ ರೂಮೇ ಇಲ್ಲ ಎನ್ನುತ್ತಾರೆ.

ಊಟದ ವಿಷಯ ಹೆಚ್ಚು ಬೆಳೆಸುವುದಿಲ್ಲ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5, ಎರಡು ಹೊತ್ತಿನ ಊಟಕ್ಕೆ 10ರಂತೆ ದಿನಕ್ಕೆ 25 ರೂ. ವಾರವಿಡೀ ರೂಮು ಭರ್ತಿಯಾದರೆ ಬಿಎಲ್‌ಡಿಸಿ ಫ್ಯಾನಿನಲ್ಲಿ ಮಾಲೀಕ ಉಳಿಸಿಕೊಳ್ಳುವ ದುಡ್ಡು ಅದು.

ರಸೀದಿಯ ಮೇಲಿನ ಸಮಯ

ರೂಮು ಹಿಡಿಯುವಾಗ ಆಧಾರ್ ಪ್ರತಿ ಮತ್ತು ಅಡ್ವಾನ್ಸು ಕೇಳುತ್ತಾರೆ. 840ರ ಬಿಲ್ಲಿಗೆ 1,500 ಕಟ್ಟಿಸಿಕೊಂಡು ಹೊರಡುವಾಗ 660 ಹಿಂತಿರುಗಿಸುವುದು ರೂಢಿ. ಅಡ್ವಾನ್ಸ್ ರಸೀದಿಯಲ್ಲಿ ದಿನಾಂಕದ ಪಕ್ಕ ಗಂಟೆಯನ್ನೂ ಬರೆಸಿಕೊಳ್ಳಬೇಕು. 24 ಗಂಟೆಯ ಲಾಡ್ಜಿನಲ್ಲಿ ಜಗಳವೆಲ್ಲ ಆ ಗಂಟೆಯದೇ. 5.30ಕ್ಕೆ ಬಂದವರನ್ನು ರಿಜಿಸ್ಟರಿನಲ್ಲಿ 5.00 ಎಂದು ಬರೆದರೆ ಮರುದಿನ ಅರ್ಧ ಗಂಟೆಗೆ ಇನ್ನೊಂದು 840 ಕೇಳಲು ಜಾಗವಾಯಿತು. ಮಂಚದ ಮೂಲೆ, ದಿಂಬಿನ ಹೊಲಿಗೆಯಲ್ಲಿ ತಿಗಣೆಯ ಕರಿ ಚುಕ್ಕೆ ಇದೆಯೇ ಎಂದು ನೋಡುವುದೂ ಹಣ ಕಟ್ಟುವ ಮೊದಲು ಮಾಡುವ ಕೆಲಸ.

ಅದೇ ರಾತ್ರಿಯ ಬಸ್ಸಿಗೆ ಹೊರಡುವವರು ಇನ್ನೊಂದು ಮಾತನ್ನು ಕೌಂಟರಿನಲ್ಲಿ ಮೊದಲೇ ಆಡಬೇಕು. 24 ಗಂಟೆಗೆ ಹಣ ಕೊಟ್ಟು ಒಂಬತ್ತಕ್ಕೆ ರೂಮು ಬಿಟ್ಟರೆ ಎಂಟೂವರೆ ಗಂಟೆ ಲಾಡ್ಜಿಗೇ ಉಳಿಯಿತು. ರಾತ್ರಿ ಹತ್ತರ ಹೊತ್ತಿಗೆ ಹೊಸಬರು ಬರುವ ಜಾಗ ಇದು. ಅದೇ ರೂಮನ್ನು ಗುಡಿಸಿ, ಹೊದಿಕೆ ಬದಲಿಸಿ ಇನ್ನೊಮ್ಮೆ 800ಕ್ಕೆ ಕೊಡುತ್ತಾರೆ. ಒಂದೇ ದಿನ ಎರಡು ಬಾಡಿಗೆ, ಮೇಲಿನ ಖರ್ಚು 110 ಮಾತ್ರ. “ರಾತ್ರಿ ಒಂಬತ್ತಕ್ಕೆ ಖಾಲಿ ಮಾಡ್ತೀವಿ, ಎಷ್ಟು ಬಿಡ್ತೀರಿ ಹೇಳಿ” ಎಂದು ಬೆಳಿಗ್ಗೆ ಐದೂವರೆಗೇ ಕೇಳಿದರೆ ನೂರು–ನೂರೈವತ್ತು ಇಳಿಸಲು ಮ್ಯಾನೇಜರಿಗೆ ಧಾರಾಳ ಅವಕಾಶವಿದೆ. ರಾತ್ರಿ ಒಂಬತ್ತಕ್ಕೆ ಕೇಳಿದರೆ ಬಿಲ್ಲು ಆಗಲೇ ಹರಿದಿರುತ್ತದೆ.